ಹಳೆಯ ಗಿಟಾರಿನ ಮೂರು ತಪ್ಪುಗಳು

"ಗಿಟಾರ್ ಅಂದ್ರೆ ಏನು ಮಹಾ? ಒಂದು ಡಬ್ಬ, ಒಂದು ಕೋಲು, ಆರು ತಂತಿ. ಅದಕ್ಕೆ ಅಂಗಡಿಗೆ ಯಾಕೆ ಹೋಗ್ಬೇಕು? ನಾನೇ ಮಾಡ್ತೀನಿ."

ಒಂದು ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ನಿಂತು ಹೀಗೆ ಘೋಷಿಸಿದವರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಅಂಗಡಿಯ ತಕ್ಕಡಿಯಲ್ಲಿ ಅರ್ಧ ಗ್ರಾಂ ಹೆಚ್ಚುಕಡಿಮೆಯಾದರೂ ಅವರ ಕಣ್ಣಿಗೆ ಬೀಳುತ್ತದೆ; ಬಿದ್ದಮೇಲೆ ಅಂಗಡಿಯವನು ಕಾಲಿಗೆ ಬಿದ್ದರೂ ಬಿಡುವುದಿಲ್ಲ. ಕಚೇರಿಯಲ್ಲಿ ಬೆನ್ನ ಹಿಂದೆ ಅವರ ಹೆಸರು ಅಳತೆರಾಯರು. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ, ಏಕೆಂದರೆ ಅವರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಈ ಘೋಷಣೆಗೆ ಹತ್ತು ನಿಮಿಷ ಮೊದಲು ಅವರು ಹೆಂಡತಿಯ ಗಿಟಾರಿನ ಮೇಲೆ ಕೂತಿದ್ದರು. ಸೋಫಾದ ಮೇಲಿದ್ದ ಹೊದಿಕೆಯ ಅಡಿ ಅದಿತ್ತು. 'ಫಟ್' ಎಂಬ ಸದ್ದಿಗೆ ಓಡಿಬಂದ ಹೆಂಡತಿ ಹೊದಿಕೆ ಸರಿಸಿ ನೋಡಿದರು. ಮೇಲಿನ ಹಲಗೆ ಉದ್ದಕ್ಕೂ ಸೀಳಿತ್ತು. ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ರಾಯರು ನಾಲ್ಕು ಮಾತು ತಿರುಗಿ ಬೈದು ಹಗುರವಾಗುತ್ತಿದ್ದರು. ಬೈಯಲಿಲ್ಲವಲ್ಲ, ಅದಕ್ಕೇ ಅವರಿಗೆ ರೇಗಿತು.

"ಗಿಟಾರ್ ಇಡೋ ಜಾಗಾನಾ ಇದು?"

"ಅಲ್ಲ. ನೋಡ್ಕೊಂಡು ಕೂರೋ ಜಾಗ."

ಆಕೆಗೆ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ. ಆಸ್ಪತ್ರೆಗೆ ಇಪ್ಪತ್ತೈದು ವರ್ಷ ತುಂಬುವ ಸಮಾರಂಭಕ್ಕೆ ಇನ್ನು ಮೂರು ತಿಂಗಳಿತ್ತು. ಮದುವೆಯಾದಾಗಿನಿಂದ ಇಪ್ಪತ್ತೆರಡು ವರ್ಷ ಈ ನಡುಮನೆಯಲ್ಲೇ ತಮ್ಮಷ್ಟಕ್ಕೆ ನುಡಿಸಿಕೊಂಡಿದ್ದವರು ಮೊಟ್ಟಮೊದಲ ಸಲ ನಾಲ್ಕು ಜನರೆದುರು ನುಡಿಸಲು ಹೆಸರು ಕೊಟ್ಟಿದ್ದರು.

"ರಿಪೇರಿ ಮಾಡಿಸೋಣ ಬಿಡಿ" ಎಂದರು.

"ತೇಪೆ ಹಾಕಿದ್ದನ್ನ ಹಿಡ್ಕೊಂಡು ವೇದಿಕೆ ಹತ್ತೋದಾ? ನನ್ನ ಮರ್ಯಾದೆ ಏನಾಗ್ಬೇಕು?"

ಮೂಲೆಯ ಕುರ್ಚಿಯಲ್ಲಿ ಸ್ವೆಟರ್ ಹೆಣೆಯುತ್ತಿದ್ದ ರಾಯರ ಅತ್ತೆ ಫ್ಯಾನಿಗೆ ಹೇಳುವವರಂತೆ ಹೇಳಿದರು: "ಅದು ಕೂತಾಗಲೇ ಹೋಯ್ತು."

ಹೆಂಡತಿ ನಿಟ್ಟುಸಿರು ಬಿಟ್ಟು ಒಂದೇ ಮಾತು ಹೇಳಿದರು. "ಹಳೇದು ಹೇಗಿತ್ತೋ ಹಾಗೇ ಮಾಡಿ. ಅಷ್ಟು ಸಾಕು."

ರಾಯರು ಹಿಂದಿನ ಕೋಣೆಯನ್ನು ವಶಪಡಿಸಿಕೊಂಡರು. ಬೀಗ ಹಾಕಿ ಬೀಗದ ಕೈಯನ್ನು ಜೇಬಿಗಿಳಿಸಿದರು. ಮುಗಿಯುವ ತನಕ ನರಪಿಳ್ಳೆಯೂ ಒಳಗೆ ಕಾಲಿಡುವಂತಿಲ್ಲ ಎಂದು ಆಜ್ಞೆಯಾಯಿತು. ಬೀದಿಯ ಕೊನೆಯ ಬಡಗಿಯಿಂದ ತೆಳ್ಳನೆ ಹಲಗೆಗಳು ಬಂದವು, ಮೊಬೈಲಿನಲ್ಲಿ ವಿಡಿಯೋ ಪಾಠ ಶುರುವಾಯಿತು.

ಗಿಟಾರಿನ ಪಕ್ಕದ ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಕಾದ ಕೊಳವೆಗೆ ಒತ್ತಿ, ನಿಧಾನವಾಗಿ ಬಾಗಿಸಬೇಕು. ನಿಧಾನವೆಂಬ ಪದಾರ್ಥ ರಾಯರ ಮೈಯಲ್ಲೇ ಇರಲಿಲ್ಲ. ಮೊದಲ ಪಟ್ಟಿ ಹಪ್ಪಳದಂತೆ ಮುರಿಯಿತು. "ಮರಕ್ಕೇ ಶಿಸ್ತಿಲ್ಲ!" ಎಂದು ಕೂಗಾಡಿದರು. ಎರಡನೆಯದೂ ಮುರಿದಾಗ ಬಡಗಿಯನ್ನು ಬೈದರು, ಮೂರನೆಯದಕ್ಕೆ ವಿಡಿಯೋದವನನ್ನು. ನಾಲ್ಕನೆಯದು ಹೆದರಿಯೋ ಏನೋ ಬಾಗಿತು. ಅಷ್ಟು ಹೊತ್ತಿಗೆ ಮನೆಯ ಬಿಸಿನೀರೆಲ್ಲ ಖಾಲಿಯಾಗಿ ಅತ್ತೆ ತಣ್ಣೀರಿನಲ್ಲಿ ಸ್ನಾನ ಮಾಡಿ ಮೂರು ದಿನ ಸೀನಿದರು. ಒಂದೊಂದು ಸೀನೂ ಬೇಕೆಂದೇ ಆ ಕೋಣೆಯ ಬಾಗಿಲಿನ ಮುಂದೆ.

ಮುಂದಿನದು ಅಂಟಿನ ಕೆಲಸ. ಪಟ್ಟಿಯ ಒಳಅಂಚಿಗೆ ಸುತ್ತಲೂ ತೆಳ್ಳನೆ ರೀಪು ಅಂಟಿಸಿ, ಅಂಟು ಒಣಗುವ ತನಕ ಬಟ್ಟೆ ಕ್ಲಿಪ್ಪುಗಳಿಂದ ಕಚ್ಚಿಸಿಡಬೇಕು. ರಾಯರು ತಾರಸಿಗೆ ಹೋಗಿ ಎಂಬತ್ತು ಕ್ಲಿಪ್ಪುಗಳನ್ನೂ ಕಿತ್ತು ತಂದರು. ಒಣಹಾಕಿದ್ದ ಬಟ್ಟೆಗಳ ಗತಿಯೇನೆಂದು ಯೋಚಿಸಲಿಲ್ಲ. ಅರ್ಧ ಗಂಟೆಯಲ್ಲಿ ಗಾಳಿ ಎದ್ದಿತು. ಎರಡು ಬೆಡ್‌ಶೀಟು ಪಕ್ಕದ ಮನೆಯ ನಾಯಿಯ ಪಾಲಾದವು. ಅತ್ತೆಯ ಹೂವಿನ ನೈಟಿ ಎದುರುಮನೆಯ ಆಂಟೆನಾಕ್ಕೆ ಸಿಕ್ಕಿ ಎರಡು ತೋಳನ್ನೂ ಚಾಚಿ ಬೀದಿಗೆಲ್ಲ ಕಾಣುವಂತೆ ಹಾರಾಡತೊಡಗಿತು.

"ಕ್ಲಿಪ್ಪು ಎಲ್ಲಿ?" ಹೆಂಡತಿ ಬಾಗಿಲು ಬಡಿದರು.

"ಕೆಲಸದಲ್ಲಿವೆ."

"ಅಮ್ಮನ ನೈಟಿ ಆಂಟೆನಾ ಮೇಲಿದೆ."

"ಇಳಿಸ್ಕೊಳ್ಳಿ. ಇಲ್ಲಿ ಅಂಟು ಒಣಗ್ತಿದೆ. ನಿಮಗ್ಯಾರಿಗೂ ಕಲೆಯ ಬೆಲೆ ಗೊತ್ತಿಲ್ಲ."

ಒಳಗಿನ ಆಸರೆಪಟ್ಟಿಗಳ ಸರದಿ ಬಂದಾಗ ರಾಯರು ಮುರಿದ ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, ಭೂತಗನ್ನಡಿ ಹಿಡಿದು ತಪಾಸಣೆಗಿಳಿದರು. ವಿಡಿಯೋ ನೋಡಿದರು, ಗಿಟಾರು ನೋಡಿದರು. ಮತ್ತೆ ವಿಡಿಯೋ ನೋಡಿದರು. ಅವರ ಕಿವಿ ಕೆಂಪಾಯಿತು. ವಿಡಿಯೋದಲ್ಲಿ ತಂತಿಗಳನ್ನು ಹೊರುವ ಕುದುರೆ ಒಂದು ಕಡೆಗೆ ವಾಲಿದ್ದರೆ ಇದರಲ್ಲಿ ಇನ್ನೊಂದು ಕಡೆಗೆ ವಾಲಿತ್ತು. ಒಳಗಿನ ಪಟ್ಟಿಗಳೂ ತಿರುಗುಮುರುಗು. ಉಗುರು ತಾಗಿ ಗೀರಾಗದಿರಲು ಅಂಟಿಸುವ ಕಪ್ಪು ಬಿಲ್ಲೆಯೂ ನಡುವಿನ ತೂತಿನ ಆಚೆ ಬದಿಗಿತ್ತು. ಒಂದಲ್ಲ, ಮೂರು ತಪ್ಪು! ರಾಯರು ಕೆಂಪು ಶಾಯಿಯಲ್ಲಿ ಮೂರನ್ನೂ ಬರೆದುಕೊಂಡು ಬಡಗಿಯ ಅಂಗಡಿಗೆ ದಾಪುಗಾಲು ಹಾಕಿದರು.

"ನೋಡಯ್ಯಾ, ಕಂಠಪೂರ್ತಿ ಕುಡಿದು ಮಾಡಿದ ಗಿಟಾರು. ಇಪ್ಪತ್ತೆರಡು ವರ್ಷ ನನ್ನ ಹೆಂಡತಿ ಇಂಥದ್ದರಲ್ಲಿ ನುಡಿಸಿದ್ದಾಳೆ. ಇದನ್ನ ಮಾಡಿದವನೇನಾದ್ರೂ ಕೈಗೆ ಸಿಕ್ಕಿದ್ರೆ ಪರವಾನಗಿ ಕಿತ್ತು ಹಾಕ್ತಿದ್ದೆ."

ಹಲಗೆ ಹೆರೆಯುತ್ತಿದ್ದ ಬಡಗಿ ರಂದ ಕೆಳಗಿಟ್ಟು ಚೀಟಿ ನೋಡಿದ. "ಮೂರೂ ಒಂದೇ ಥರ ತಿರುಗಿದೆ ಸಾರ್. ಬೇಕಂತಲೇ ಮಾಡಿರ್ತಾರೆ. ಅಮ್ಮನವರನ್ನ ಒಂದು ಮಾತು ಕೇಳ್ನೋಡಿ."

"ಅಳತೆ ವಿಷಯಕ್ಕೆ ನಾನು ಹೆಂಗಸರನ್ನ ಕೇಳ್ಬೇಕಾ? ನೀನು ಬಾಗಿಲು ಕಿಟಕಿ ಮಾಡ್ಕೊಂಡಿರು."

ಬಡಗಿ ಮತ್ತೆ ರಂದ ಎತ್ತಿಕೊಂಡ. ರಾಯರು ಮನೆಗೆ ಬಂದು ಮೂರು ತಪ್ಪನ್ನೂ ತಿದ್ದಿ, ಅಂಟು ಹಾಕಿ, ಬಿಗಿದರು. ಮುರಿದದ್ದನ್ನು ಹಿತ್ತಿಲ ಬಾಗಿಲ ಬಳಿ ಗುಜರಿಗೆಂದು ಎಸೆದರು.

ಸಮಾರಂಭಕ್ಕೆ ಐದು ದಿನವಿರುವಾಗ ಕೋಣೆಯ ಬೀಗ ತೆರೆಯಿತು. ಸುಳ್ಳು ಹೇಳಬಾರದು, ಗಿಟಾರು ಚೆನ್ನಾಗಿಯೇ ಇತ್ತು. ಮರ ಮಿರಮಿರ ಮಿಂಚುತ್ತಿತ್ತು. ತಂತಿ ಮೀಟಿದರೆ ನಾದ ಗುಂಯ್ ಎಂದು ತುಂಬಿ ಬರುತ್ತಿತ್ತು. ಹೆಂಡತಿ ಅದರ ಬೆನ್ನು ಸವರಿದರು. "ನೀವೇ ಮಾಡಿದ್ದಾ?" ಎಂದರು. ಆ ದನಿಯಲ್ಲಿದ್ದ ಮೆಚ್ಚುಗೆ ಕೇಳಿ ರಾಯರ ಮೂರು ತಿಂಗಳ ಸಿಟ್ಟೆಲ್ಲ ಕರಗಿಹೋಯಿತು. ಅದು ಕರಗಿದ್ದು ಅರ್ಧ ನಿಮಿಷ ಮಾತ್ರ.

ಆಕೆ ಕೂತು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡರು. ಗಿಟಾರಿನ ಕತ್ತು ಬಲಗಡೆಗೆ. ಎಡಗೈಯಿಂದ ಮೀಟಿದರು. ತಗಡಿನ ಮೇಲೆ ಜಲ್ಲಿ ಸುರಿದಂತಾಯಿತು.

"ಉಲ್ಟಾ ಹಿಡ್ಕೊಂಡಿದ್ದೀಯಲ್ಲೇ!"

"ನಾನು ಹಿಡ್ಕೊಳ್ಳೋದೇ ಹೀಗೆ."

"ಯಾವಾಗಿನಿಂದ?"

"ಹುಟ್ಟಿದಾಗಿನಿಂದ. ನಂದು ಎಡಗೈ. ಆ ಗಿಟಾರನ್ನ ನಮ್ಮಪ್ಪ ಹೇಳಿ ಮಾಡಿಸಿದ್ದು."

ರಾಯರಿಗೆ ಮೂರು ತಪ್ಪುಗಳೂ ಒಟ್ಟಿಗೆ ಕಪಾಳಕ್ಕೆ ಬಿಗಿದಂತಾಯಿತು. ಆದರೂ ಬಿಡಲಿಲ್ಲ. "ಮೊದಲೇ ಹೇಳೋದಕ್ಕೇನು ಧಾಡಿ?"

ಹೆಂಡತಿ ಗಿಟಾರನ್ನು ಮೆಲ್ಲಗೆ ಪಕ್ಕಕ್ಕಿಟ್ಟರು. ಮುಖ ಕೆಂಪಾಗಿತ್ತು.

"ಏನಂತ ಹೇಳ್ಬೇಕಿತ್ತು? ತರಕಾರಿ ಹೆಚ್ಚೋದು ಎಡಗೈ. ಮುಂಬಾಗಿಲ ಬೀಗ ತೆಗೆಯೋದು ಎಡಗೈ. ನಿಮಗೆ ದಿನಾ ಕಾಫಿ ಲೋಟ ಕೊಡೋದು ಎಡಗೈ. ಇಪ್ಪತ್ತೆರಡು ವರ್ಷ ನಿಮ್ಮ ಎದುರಿಗೇ ಕೂತು ನುಡಿಸಿದ್ದೀನಿ. ಎಲ್ಲಿ ನೋಡ್ತಿದ್ರಿ?"

"ಪೇಪರು..." ಎಂದರು ರಾಯರು.

"ಗಿಟಾರ್ ಮುರಿದಾಗ ನನಗೆ ಸಿಟ್ಟು ಬರ್ಲಿಲ್ಲ ರೀ. ಈಗ ಬರ್ತಿದೆ."

ಅತ್ತೆ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ಊರಿನ ತಕ್ಕಡಿ ನೋಡೋಕೆ ಮಾತ್ರ ಕಣ್ಣಿದೆ" ಎಂದು ಫ್ಯಾನಿಗೆ ವರದಿ ಒಪ್ಪಿಸಿದರು. ಸೂಜಿಯನ್ನು ಅವರೂ ಎಡಗೈಯಲ್ಲೇ ನಡೆಸುತ್ತಿದ್ದರು. ರಾಯರು ಅದನ್ನೂ ಈಗಲೇ ಕಂಡದ್ದು.

"ತಂತಿ ತಿರುಗಿಸಿ ಹಾಕಿಕೊಡ್ತೀನಿ" ಎಂದರು, ದನಿ ಇಳಿಸಿ.

"ಒಳಗಿನ ಪಟ್ಟಿನೂ ತಿರುಗಿಸ್ತೀರಾ? ಬೇಡ ಬಿಡಿ." ಆಕೆ ಒಳಗೆ ಹೋಗಿ ಹಳೆಯ ಗಿಟಾರನ್ನು ಎತ್ತಿಕೊಂಡು ಬಂದರು. ಸೀಳಿದ್ದ ಜಾಗದಲ್ಲಿ ಕೂದಲೆಳೆಯಷ್ಟು ಗೆರೆ ಮಾತ್ರ ಇತ್ತು. "ನೀವು ಗುಜರಿಗೆ ಎಸೆದ ದಿನವೇ ಬಡಗಿ ಬಂದು ತಗೊಂಡು ಹೋದ. 'ಸಾರ್ ಮಾಡ್ತಿರೋದು ನಿಮ್ಮ ಕೈಗಲ್ಲ ಅಮ್ಮಾ' ಅಂದ. ಅವನು ನಮ್ಮನೆಗೆ ಬಂದಿದ್ದು ಒಟ್ಟು ಎರಡು ಸಲ."

ರಾಯರು ತಾವು ಮಾಡಿದ ಗಿಟಾರನ್ನು ಎತ್ತಿ ಮಗುವಿನಂತೆ ಮಡಿಲಿಗೆ ಹಾಕಿಕೊಂಡರು. ಬೈಯಲು ಯಾರಾದರೂ ಉಳಿದಿದ್ದಾರೆಯೇ ಎಂದು ಯೋಚಿಸಿದರು. ಯಾರೂ ಉಳಿದಿರಲಿಲ್ಲ.

"ಹಾಗಾದ್ರೆ ಇದನ್ನ ಯಾರು ನುಡಿಸೋದು?"

"ಈ ಮನೇಲಿ ಬಲಗೈಯವರು ನೀವೊಬ್ರೇ."

"ನನಗೆ ನುಡಿಸೋಕೆ ಬರಲ್ಲ ಕಣೇ."

"ಮಾಡೋಕೆ ಬರ್ತಿತ್ತಾ?"