ಸತ್ತ ರಾಜನ ವನ್ಸ್ ಮೋರ್

ನನಗೆ ಕೋಪ ಜಾಸ್ತಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೋಪ ಬರುವಂಥ ಕಸುಬು ಹಿಡಿದಿದ್ದೇನೆ, ಅಷ್ಟೇ. ಹಳೆಯ ಕಂಪನಿ ನಾಟಕಗಳನ್ನು, ಅದರಲ್ಲೂ ಮಾತಿಗೊಂದು ಹಾಡಿರುವ ಸಂಗೀತ ನಾಟಕಗಳನ್ನು ಸಿನಿಮಾ ಮಾಡುವ ನಿರ್ಮಾಪಕ ನಾನು. ವಿಜಯನಗರದ ನಮ್ಮ ರಸ್ತೆಗೆ ಬಂದ ಹೊಸಬರು 'ನಿರ್ಮಾಪಕರು' ಎಂದು ಕೇಳಿದ ಕೂಡಲೇ ಕೈ ಕುಲುಕಿ, 'ಹೀರೋ ಯಾರು ಸಾರ್?' ಎನ್ನುತ್ತಾರೆ. ಹಿಂದೆ ಕೃಷ್ಣನ ಪಾತ್ರ ಮಾಡುತ್ತಿದ್ದವರು, ಈಗ ಎಪ್ಪತ್ತು ದಾಟಿದೆ ಎಂದರೆ ಹಿಡಿದ ಕೈ ಬಿಟ್ಟುಬಿಡುತ್ತಾರೆ. ನನ್ನ ಮೊದಲ ಚಿತ್ರವನ್ನು ಪತ್ರಕರ್ತರೊಬ್ಬರು ಒಳ್ಳೆಯ ಸಾಕ್ಷ್ಯಚಿತ್ರ ಎಂದು ಹೊಗಳಿದರು. ಎರಡನೆಯದನ್ನು ಒಂದು ಶಾಲೆಯಲ್ಲಿ ತೋರಿಸಿದಾಗ ಅಲ್ಲಿನ ಮೇಷ್ಟ್ರು ಮಕ್ಕಳಿಗೆ, 'ಗಲಾಟೆ ಮಾಡಿದ್ರೆ ಮತ್ತೆ ಮೊದಲಿಂದ ಹಾಕ್ತೀನಿ' ಎಂದು ಹೆದರಿಸಿದರು. ಇದನ್ನು ಮನೆಗೆ ಬಂದು ಹೇಳಿದರೆ ಹೆಂಡತಿ ಬಿದ್ದು ಬಿದ್ದು ನಕ್ಕಳು. ಇಂಥ ಮನೆಯಲ್ಲಿ ಮನುಷ್ಯ ಶಾಂತವಾಗಿ ಇರುವುದಾದರೂ ಹೇಗೆ?

ಮೂರನೆಯದೂ ನೆಲ ಕಚ್ಚಿದರೆ ಸಿನಿಮಾಕ್ಕೆ ಕೈ ಮುಗಿದು ಭಾವಮೈದುನನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಹಾಗಾಗಿ ಈ ಸಲ ಹಟ ಹಿಡಿದು, ಲಗ್ಗೆರೆಯಲ್ಲಿರುವ ಮರಿಯಪ್ಪನವರ ಮನೆ ಬಾಗಿಲಿಗೆ ಹೋದೆ. ಮರಿಯಪ್ಪನವರು ಆಯುಸ್ಸೆಲ್ಲ ಕಂಪನಿಗಳಲ್ಲಿ ರಾಜನಾಗಿ ಕಳೆದವರು. ಮಗನ ಕೈಯಿಂದಲೇ ಬಾಣ ತಿಂದ ಮುದಿ ರಾಜ ಅವನನ್ನು ಕ್ಷಮಿಸುತ್ತಾ ಹಾಡಿ ಸಾಯುವ ಪಾತ್ರ ಅವರಿಗೆ ಮೀಸಲು. ಎಲ್ಲದಕ್ಕೂ ಒಪ್ಪಿದರು, ಒಂದೇ ಷರತ್ತು. 'ವನ್ಸ್ ಮೋರ್ ಇಲ್ದೆ ನಾನು ಸಾಯಲ್ಲ ಸ್ವಾಮಿ.' ಗೊತ್ತಿಲ್ಲದವರಿಗೆ ಹೇಳಬೇಕು: ಕಂಪನಿ ನಾಟಕದಲ್ಲಿ ಹಾಡು ಹಿಡಿಸಿದರೆ ಜನ 'ವನ್ಸ್ ಮೋರ್' ಎಂದು ಕೂಗುತ್ತಾರೆ. ಆಗ ಪಾತ್ರಧಾರಿ ಸತ್ತು ಬಿದ್ದಿದ್ದರೂ ಎದ್ದು, ಜನಕ್ಕೆ ಕೈ ಮುಗಿದು, ಹಾಡನ್ನು ಇನ್ನೊಮ್ಮೆ ಹಾಡಿ, ಮತ್ತೆ ಸಾಯಬೇಕು. ಅದನ್ನೂ ಸೇರಿಸಿಯೇ ಚಿತ್ರೀಕರಿಸುತ್ತೇನೆಂದು ಮಾತು ಕೊಟ್ಟೆ. ರಾಜಾಜಿನಗರದ ಒಂದು ಸಭಾಂಗಣದಲ್ಲಿ ನೆಂಟರಿಷ್ಟರನ್ನೆಲ್ಲ ಪ್ರೇಕ್ಷಕರಾಗಿ ಕೂರಿಸಿದೆ. ಮರಿಯಪ್ಪನವರು ಹಾಡಿ ಸತ್ತರು, ಜನ ಕೂಗಿದರು, ಅವರು ಎದ್ದು ಹಾಡಿ ಇನ್ನೂ ಚೆನ್ನಾಗಿ ಸತ್ತರು. ನನ್ನ ಕಣ್ಣು ಒದ್ದೆಯಾಯಿತು.

ಚಿತ್ರವನ್ನು ಕತ್ತರಿಸಿ ಜೋಡಿಸುವ ಕೆಲಸ ಬಸವೇಶ್ವರನಗರದ ಸಿಂಚನಾ ಎಂಬ ಹುಡುಗಿಗೆ ಕೊಟ್ಟೆ. ಜಾಣೆ, ಆದರೆ ಕಂಪನಿ ನಾಟಕ ನೋಡಿದವಳಲ್ಲ. ಅಷ್ಟರಲ್ಲಿ ಮೊಬೈಲಿನಲ್ಲಿ ಸಿನಿಮಾ ತೋರಿಸುವ ಕಂಪನಿಯ ತರುಣನೊಬ್ಬ, ಇವತ್ತೇ ಬಿಡುವಿದೆ, ಇವತ್ತೇ ನೋಡುತ್ತೇನೆ ಎಂದ. ಜೋಡಿಸಿದ್ದನ್ನು ನಾನೇ ಇನ್ನೂ ನೋಡಿರಲಿಲ್ಲ. ಮರಿಯಪ್ಪನವರನ್ನೂ ಕರೆದುಕೊಂಡು ಅವಳ ಸ್ಟುಡಿಯೋಗೆ ಓಡಿದೆ. ತರುಣ ಬಂದು ನನ್ನ ಪಕ್ಕ ಕೂತ. ದೀಪ ಆರಿತು. ತೆರೆಯ ಮೇಲೆ ರಾಜನಿಗೆ ಬಾಣ ತಗುಲಿತು, ಬಿದ್ದ, ಸತ್ತ. ಹಾಡೇ ಇಲ್ಲ! ನಾನು ಚಡಪಡಿಸುವಷ್ಟರಲ್ಲಿ ಹೆಣ ನಿಧಾನವಾಗಿ ಎದ್ದು ನಿಂತು, ಕೈ ಮುಗಿದು, ಹಾಡಿ, ಮತ್ತೆ ಸತ್ತಿತು.

'ಏನಮ್ಮಾ ಇದು?' ಎಂದು ಸಿಂಚನಾಳ ಮೇಲೆ ಗುಟುರು ಹಾಕಿದೆ. 'ಒಂದೇ ಹಾಡು ಎರಡು ಸಲ ಬಂದಿತ್ತು ಸಾರ್, ರೀಟೇಕ್ ಅಂದ್ಕೊಂಡೆ. ಎರಡನೇದು ಚೆನ್ನಾಗಿತ್ತು, ಅದನ್ನ ಇಟ್ಟು ಮೊದಲನೇ ಹಾಡು ಮಾತ್ರ ತೆಗೆದೆ. ಮಧ್ಯ ಜನ ಏನೋ ಕಿರುಚ್ತಾ ಇದ್ರು, ಕ್ಲೀನ್ ಮಾಡ್ದೆ.' ಕ್ಲೀನ್ ಮಾಡಿದಳಂತೆ! ಒಬ್ಬ ಕಲಾವಿದನ ಬಾಳಿನ ಸಂಪಾದನೆ ಇವಳಿಗೆ ಕಸ! ನನ್ನ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಮರಿಯಪ್ಪನವರು ಬಗ್ಗಿ, 'ಯಾಕೆ ಸ್ವಾಮಿ, ಯಾರೂ ಕೂಗ್ಲೇ ಇಲ್ವಾ?' ಎಂದು ಮೆಲ್ಲಗೆ ಕೇಳಿದರು. ಆ ದನಿ ಕೇಳಿ ಸಂಕಟವಾಯಿತು.

ಆಗ ಆ ತರುಣ ಕುರ್ಚಿಯ ತುದಿಗೆ ಬಂದು, 'ಆ ಹೆಣ ಏಳೋ ಸೀನ್ ಇನ್ನೊಂದ್ಸಲ ಹಾಕಿ ಸಾರ್! ವನ್ಸ್ ಮೋರ್, ವನ್ಸ್ ಮೋರ್!' ಎಂದು ಕೂಗಿದ. ಸಿಂಚನಾ ಲ್ಯಾಪ್‌ಟಾಪ್ ಮುಟ್ಟುವ ಮೊದಲೇ ಹಿಂದೆ ಕುರ್ಚಿ ಕಿರುಗುಟ್ಟಿತು. ಮರಿಯಪ್ಪನವರು ಶಾಲು ಸರಿಮಾಡಿಕೊಂಡು ಎದ್ದು, ಕತ್ತಲಿಗೇ ಕೈ ಮುಗಿದು ಹಾಡು ಎತ್ತಿಕೊಂಡರು. ತೆರೆಯ ಮೇಲೆ ಸತ್ತವನು ಬೆನ್ನ ಹಿಂದೆ ಹಾಡುತ್ತಿರುವುದನ್ನು ಕಂಡು ತರುಣ 'ಅಮ್ಮಾ!' ಎಂದು ಚೀರಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಹಾಡು ಮುಗಿಯುವವರೆಗೂ ಬಿಡಲಿಲ್ಲ.

'ತಗೋತೀವಿ ಸಾರ್,' ಎಂದ ಬೆವರು ಒರೆಸಿಕೊಳ್ಳುತ್ತಾ. 'ಹಾರರ್‌ನಲ್ಲಿ ಹಾಕೋಣ. ಏನೂ ಚೇಂಜ್ ಮಾಡ್ಬೇಡಿ.' ಹಾರರ್! ಪಿತ್ತ ನೆತ್ತಿಗೇರಿತು. ಸಂಗೀತ ನಾಟಕ ಎಂದರೇನು, ರಾಗವೆಂದರೇನು, ಕ್ಷಮೆಯೆಂದರೇನು ಎಂದು ಅವನ ಮುಖದ ಮೇಲೆ ಬಾರಿಸಿದಂತೆ ಹೇಳಲು ಎದ್ದು ನಿಂತೆ. ಗಂಟಲು ಸರಿಪಡಿಸಿಕೊಂಡೆ. 'ಮೊದಲಿಂದಲೂ ನನ್ನ ಐಡಿಯಾ ಅದೇ ಸಾರ್' ಎಂದೆ.

ಬಸ್ ಸ್ಟಾಪಿನಲ್ಲಿ ಮರಿಯಪ್ಪನವರು ಕೇಳಿದರು, 'ಹಾರರ್ ಅಂದ್ರೇನು ಸ್ವಾಮಿ?'

'ವನ್ಸ್ ಮೋರ್‌ಗೆ ಈಗಿನ ಹುಡುಗರು ಹಾಗಂತಾರೆ.'

ಅವರ ಮುಖ ಅರಳಿತು. ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ, 'ಈ ವಯಸ್ಸಲ್ಲೂ ನಂಗೆ ಹಾರರ್ ಬಂತು ಕಣ್ರೀ' ಎಂದು ಹೇಳತೊಡಗಿದರು. ನಾನು ನಾಲ್ಕು ಹೆಜ್ಜೆ ದೂರ ಹೋಗಿ, ಅವರ ಪರಿಚಯವೇ ಇಲ್ಲದವನಂತೆ ನಿಂತುಕೊಂಡೆ.