ಅತ್ತೆಯ ಸೊಂಟ, ಅಳಿಯನ ಸ್ಪ್ರಿಂಗು

"ಡ್ಯಾಶ್‌ಬೋರ್ಡ್ ಮೇಲೆ ತುಂಬಿದ ಚೊಂಬು ಇಡ್ತೀನಿ. ಕಲ್ಯಾಣದುರ್ಗದಿಂದ ಹಿಂದೂಪುರದ ಗಂಟ ಒಂದು ತೊಟ್ಟು ನೀರು ಚೆಲ್ಲಿದ್ರೆ, ನಾನು ಮಗ್ಗದ ಮನೇಲಿ ಹುಟ್ಟಿದೋನೇ ಅಲ್ಲ!"

ಹಿಂದೂಪುರದ ತಿರುಮಲೇಶ್ ಈ ಶಪಥ ಮಾಡಿದ್ದು ಬೆಳಗಿನ ಕಾಫಿಯ ಹೊತ್ತಿನಲ್ಲಿ. ಕೇಳಿಸಿಕೊಂಡವರು ಇಬ್ಬರೇ: ಹೆಂಡತಿ ಧನಲಕ್ಷ್ಮಿ, ಮತ್ತು ಅಂಗಳದಲ್ಲಿ ನಿಂತಿದ್ದ ಇಪ್ಪತ್ತೆರಡು ವರ್ಷದ ಬಿಳಿ ಕಾರು. ಕಾರು ಸುಮ್ಮನಿತ್ತು. ಧನಲಕ್ಷ್ಮಿ ಸುಮ್ಮನಿರಲಿಲ್ಲ.

"ನೀರಿನ ಮಾತು ಆಮ್ಯಾಕಿರ್ಲಿ. ನಮ್ಮವ್ವ ಚೆಲ್ಲದಂಗೆ ಬಂದ್ರೆ ಸಾಕು."

ಅವಳ ಅವ್ವ ಚಿನ್ನಕ್ಕ ಕಲ್ಯಾಣದುರ್ಗದಲ್ಲಿ ಮಗ ಸೊಸೆಯ ಜೊತೆ ಇದ್ದರು. ವಯಸ್ಸು ಎಪ್ಪತ್ತಾರು. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಮುರಿದು, ಕೂಡಿಕೊಂಡಿತ್ತು. ಬೆರಳು ಮಾತ್ರ ಇನ್ನೂ ಇಪ್ಪತ್ತರ ಹುಡುಗಿಯದು. ಮೊಮ್ಮಗಳು, ಧನಲಕ್ಷ್ಮಿಯ ಮಗಳು ಮೇಘನಾಳ ಮದುವೆ ಗೊತ್ತಾಗಿತ್ತು. ಧಾರೆ ಸೀರೆಯನ್ನು ಹಿಂದೂಪುರದ ಮನೆಯ ಮಗ್ಗದಲ್ಲೇ ನೇಯಬೇಕು. ಮಗ್ಗದಲ್ಲಿ ಉಳಿದ ಹಳೆಯ ಹಾಸಿನ, ಅಂದರೆ ಉದ್ದ ನೂಲಿನ, ಒಂದೊಂದು ಎಳೆಗೂ ಹೊಸ ಹಾಸಿನ ಎಳೆಯನ್ನು ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಕೂಡಿಸಬೇಕು. ಆ ಕೆಲಸಕ್ಕೆ ಅಜ್ಜಿಯೇ ಬರಬೇಕೆಂದು ಮೇಘನಾ ಹಟ ಹಿಡಿದಿದ್ದಳು. ಚಿನ್ನಕ್ಕನಿಗೂ ಅದೇ ಆಸೆ.

ಅಡ್ಡ ಬಂದದ್ದು ಕಾರಿನ ಸ್ಪ್ರಿಂಗು. ದೀಪಾವಳಿಗೆ ಬಂದಾಗ ಚಿನ್ನಕ್ಕ ಗುಂಡಿಗೊಂದು "ಅಯ್ಯೋ ನನ್ನ ಸೊಂಟ" ಎನ್ನುತ್ತ ಬಂದು, ಇಳಿದ ಮೇಲೆ ಲೆಕ್ಕ ಒಪ್ಪಿಸಿದ್ದರು: "ಕಂಬದೂರು ದಾಟೋದ್ರಾಗೆ ಹದಿನೇಳು ಗುಂಡಿ ಕಣಪ್ಪ. ಇದು ಕಾರಲ್ಲ, ಒನಕೆ. ನಾನೇ ಅಕ್ಕಿ." ನಗುತ್ತಲೇ ಹೇಳಿದ ಮಾತು. ಎಲ್ಲರೂ ನಕ್ಕರು. ತಿರುಮಲೇಶ್ ಮಾತ್ರ ಅದನ್ನು ಎದೆಯಲ್ಲಿ ಇಟ್ಟುಕೊಂಡ.

"ಬಾಡಿಗೆ ಕಾರು ಮಾಡ್ಕೊಂಡು ಕರ್ಕೊಂಡು ಬರಾನ," ಎಂದಳು ಧನಲಕ್ಷ್ಮಿ.

"ಮನೇಲಿ ಕಾರು ಮಡಿಕ್ಕೊಂಡು ಬಾಡಿಗೆ ಕಾರಾ? ಬೀದಿಯೋರು ಏನಂತಾರೆ?"

ಬೀದಿಯವರು ಏನೂ ಅನ್ನುತ್ತಿರಲಿಲ್ಲ. ಬೀದಿಯವರಿಗೆ ಅವರವರ ಮಗ್ಗವೇ ಸಾಕಾಗಿತ್ತು.

ಹೊಸ ಸ್ಪ್ರಿಂಗುಗಳು ಬಂದವು. ಮೆಕ್ಯಾನಿಕ್ ಗಂಗಾಧರ ಅಂಗಡಿಯಲ್ಲೇ ಎಚ್ಚರಿಸಿದ: "ಅಣ್ಣಾ, ಗಾಡಿ ಇಲ್ಲಿಗೆ ತಂದ್ಬುಡು. ಸ್ಪ್ರಿಂಗ್ ಅಂದ್ರೆ ಒತ್ಕೊಂಡು ಕುಂತಿರೋ ಶನಿ. ಕ್ಲಾಂಪ್ ಹಾಕ್ದೆ ಬಿಚ್ಚಿದ್ರೆ ಎಗರಿ ಗೋಡೆ ತೂತು ಮಾಡ್ತದೆ. ಅಡ್ಡ ಇದ್ರೆ ನಿನ್ನೂನೂ."

"ಕ್ಲಾಂಪ್ ಯಾಕಪ್ಪ? ಮಗ್ಗದ ಹುರಿ ಐತೆ, ನನ್ನ ಗಂಟು ಐತೆ. ಮೂವತ್ತು ವರ್ಷದಾಗೆ ಒಂದೂ ಜಾರಿಲ್ಲ."

ಅದು ಸುಳ್ಳಲ್ಲ. ಆ ಗಂಟನ್ನು ಅವನಿಗೆ ಕಲಿಸಿದವರು ಚಿನ್ನಕ್ಕನೇ. ಹೊಸ ಅಳಿಯನಾಗಿ ಹೋದಾಗ ಪಕ್ಕದಲ್ಲಿ ಕೂರಿಸಿಕೊಂಡು, ಮೂರು ದಿನ, ಬೈದು ಕಲಿಸಿದ್ದರು.

ಫೋನಿನ ವಿಡಿಯೋದಲ್ಲಿ ಯಾರೋ ಹಿಂದಿಯಲ್ಲಿ ವಿವರಿಸುತ್ತಿದ್ದ. ತಿರುಮಲೇಶ್‌ಗೆ ಹಿಂದಿ ಬಾರದು, ಕೈ ನೋಡಿಕೊಂಡ. ಮುಂದಿನ ಚಕ್ರ ಬಿಚ್ಚಿದ. ಕಾರನ್ನು ಕಲ್ಲುಗಳ ಮೇಲೆ ನಿಲ್ಲಿಸಿದ. ಸ್ಪ್ರಿಂಗನ್ನು ಹೊತ್ತ ಕಬ್ಬಿಣದ ತೋಳಿನ ಕೆಳಗೆ ಜಾಕಿ ಕೊಟ್ಟು ಎತ್ತಿದಾಗ ಸ್ಪ್ರಿಂಗು ಮುದುಡಿಕೊಂಡಿತು. ಆಗ ಹುರಿ ಸುತ್ತಿ ಬಿಗಿದ. ಎಂಥ ಬಿಗಿ! ನೋಡಿ ಅವನಿಗೇ ಹೆಮ್ಮೆಯಾಯಿತು. ಇನ್ನು ಜಾಕಿ ಇಳಿಸಿದರೆ ತೋಳು ಕೆಳಗಿಳಿದು, ಮುದುಡಿದ ಸ್ಪ್ರಿಂಗು ಕೈಗೆ ಬರಬೇಕು.

ಜಾಕಿ ಇಳಿಸಿದ. ತೋಳು ಇಳಿಯಲಿಲ್ಲ.

ಬಗ್ಗಿ ನೋಡಿದರೆ, ಸ್ಪ್ರಿಂಗಿನ ಜೊತೆಗೆ ಆ ತೋಳನ್ನೂ ಸೇರಿಸಿ ಹೊಲಿದಂತೆ ಕಟ್ಟಿಬಿಟ್ಟಿದ್ದ. ಮಗ್ಗದವನ ಕೈ, ಸಿಕ್ಕಿದ್ದನ್ನೆಲ್ಲ ಕೂಡಿಸುವ ಚಾಳಿ. ಬಿಚ್ಚೋಣವೆಂದರೆ ಗಂಟು ಕಲ್ಲಾಗಿತ್ತು. ಕತ್ತರಿಸೋಣವೆಂದರೆ ಒಳಗೆ ಶನಿ ಕೂತಿತ್ತು. ಹುರಿ ಒಮ್ಮೆ "ಕಿರ್" ಎಂದಿತು. ತಿರುಮಲೇಶ್ ಒಂದೇ ನೆಗೆತಕ್ಕೆ ತುಳಸಿಕಟ್ಟೆಯ ಆಚೆಗಿದ್ದ.

ಅಂದಿನಿಂದ ಆ ಮನೆಯಲ್ಲಿ ಅಂಗಳದ ಕಡೆ ಯಾರೂ ಹೋಗುವಂತಿರಲಿಲ್ಲ. ಬಟ್ಟೆ ಮಹಡಿಯ ಮೇಲೆ ಒಣಗಿತು. ಹಾಲು ಹಿತ್ತಿಲ ಗೋಡೆಯ ಮೇಲಿಂದ ಒಳಗೆ ಬಂತು. ಸ್ಪ್ರಿಂಗು ಎಗರಿದರೆ ತಡೆಯಲಿ ಎಂದು ತಿರುಮಲೇಶ್ ಅದರ ಸುತ್ತ ಮೂರು ರಗ್ಗು ಹೊದಿಸಿ, ರುಬ್ಬುಗಲ್ಲು ಒತ್ತಿಟ್ಟ. ಬಾಣಂತಿಯನ್ನು ಬೆಚ್ಚಗೆ ಮಲಗಿಸಿದ ಹಾಗೆ ಕಾಣುತ್ತಿತ್ತು.

"ಗಂಗಾಧರನ್ನ ಕರೀರಿ," ಎಂದಳು ಧನಲಕ್ಷ್ಮಿ ಮೊದಲ ದಿನ.

"ನಾಳೆ ನಾನೇ ಬಿಚ್ತೀನಿ."

"ಗಂಗಾಧರನ್ನ ಕರೀರಿ," ಎಂದಳು ನಾಲ್ಕನೆಯ ದಿನ.

"ಅಂಗಡಿ ತುಂಬ ಜನದ ಮುಂದೆ ದೊಡ್ಡ ಮಾತಾಡಿ ಬಂದೀನಿ. ಈಗ ಯಾವ ಮುಖ ಹೊತ್ಕೊಂಡು ಹೋಗ್ಲಿ?"

"ಇರೋದು ಒಂದೇ ಮುಖ. ಅದ್ನೇ ಹೊತ್ಕೊಂಡು ಹೋಗ್ರಿ."

ಹೋಗಲಿಲ್ಲ. ಆರನೆಯ ದಿನ ಚಿನ್ನಕ್ಕ ತಾವೇ ಫೋನ್ ಮಾಡಿದರು. "ಏನಪ್ಪಾ, ನನ್ನ ಪಲ್ಲಕ್ಕಿ ಎಲ್ಲಿಗೆ ಬಂತು?" ತಿರುಮಲೇಶ್ ವಿಷಯವನ್ನು ಸ್ವಲ್ಪ ತೇಲಿಸಿ ಹೇಳಿದ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಹೇಳಿದರು:

"ಬಿಗಿದ ಗಂಟನ್ನ ಎಳೀಬಾರ್ದು ಅಂತ ಅವತ್ತೇ ಹೇಳಿರ್ಲಿಲ್ವಾ? ಎಳೆ ಯಾವ ಕಡೆಯಿಂದ ಬಂತೋ ಆ ಕಡೆಗೇ ವಾಪಸ್ ನೂಕು. ತಾನೇ ಸಡ್ಲ ಆಯ್ತದೆ."

"ಇದು ರೇಷ್ಮೆ ಅಲ್ಲ ಕಣತ್ತೆ, ಕಬ್ಣ. ನಿಮಗೆ ಇದೆಲ್ಲಾ ತಿಳಿಯಾಕಿಲ್ಲ."

"ಸರೇ ಬುಡು," ಎಂದರು ಚಿನ್ನಕ್ಕ. ಅವನ ಜೊತೆ ಅವರು ಆಡಿದ ಕೊನೆಯ ಮಾತು ಅದು.

ಎಂಟನೆಯ ದಿನ ಬೆಳಗ್ಗೆ ಕಲ್ಯಾಣದುರ್ಗದಿಂದ ಸೊಸೆ ಕಲ್ಯಾಣಿಯ ಫೋನು ಬಂತು. ಚಿನ್ನಕ್ಕ ಮಲಗಿದ್ದವರು ಏಳಲಿಲ್ಲ.

ಧನಲಕ್ಷ್ಮಿ ಅಳಲಿಲ್ಲ. ಸೀರೆ ಬದಲಿಸಿ, ಅಂಗಳದಲ್ಲಿ ರಗ್ಗು ಹೊದ್ದು ಕೂತ ಕಾರಿನ ಪಕ್ಕದಲ್ಲೇ, ಯಾವ ಭಯವೂ ಇಲ್ಲದೆ ನಡೆದುಹೋದಳು. ಪೆನುಕೊಂಡಕ್ಕೊಂದು ಬಸ್ಸು, ಅಲ್ಲಿಂದ ಇನ್ನೊಂದು. ಎರಡರಲ್ಲೂ ಗಂಡ ಹೆಂಡತಿ ನಿಂತೇ ಹೋದರು. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ತಿರುಮಲೇಶ್ ಹೆಂಡತಿಯ ಮುಖ ನೋಡುತ್ತಿದ್ದ. ಅವಳು ಅವನ ಮುಖ ನೋಡಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯುವುದರಲ್ಲಿ ಎಂದೂ ಜಿಪುಣತನ ಮಾಡದವಳು ಅವತ್ತು ಒಂದು ಮಾತೂ ಆಡಲಿಲ್ಲ.

ಮಣ್ಣು ಮುಗಿಸಿ ಊರಿಗೆ ಬಂದವನೇ ಗಂಗಾಧರನ ಅಂಗಡಿಗೆ ಹೋದ. ಇದ್ದ ಒಂದೇ ಮುಖ ಹೊತ್ತುಕೊಂಡು ಹೋದ. ಗಂಗಾಧರ ಬಂದು ರಗ್ಗುಗಳನ್ನು ಸರಿಸಿ, ಒಂದು ಗಳಿಗೆ ನೋಡಿ, ಪಕ್ಕದಲ್ಲಿ ಬಿದ್ದಿದ್ದ ಜಾಕಿಯನ್ನು ಮತ್ತೆ ಅದೇ ತೋಳಿನ ಕೆಳಗೆ ಕೊಟ್ಟು ಎತ್ತಿದ. ಸ್ಪ್ರಿಂಗು ಇನ್ನಷ್ಟು ಮುದುಡಿತು. ಹುರಿ ಸಡಿಲಾಗಿ ಜೋತುಬಿತ್ತು. ಕುಡುಗೋಲಿನಿಂದ ಕತ್ತರಿಸಿ ತೆಗೆದ. ಆಮೇಲೆ ತನ್ನ ಕ್ಲಾಂಪ್ ಹಾಕಿದ.

"ಇಷ್ಟೇ ಅಣ್ಣಾ. ಹೆಂಗೆ ಬಿಗಿ ಆಯ್ತೋ ಅಂಗೇ ವಾಪಸ್ ಹೋಗ್ಬೇಕು. ಕಾಲು ಗಂಟೆ ಕೆಲ್ಸ. ಅವತ್ತೇ ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ."

ತಿರುಮಲೇಶ್ ತುಳಸಿಕಟ್ಟೆಯ ಮೇಲೆ ಕುಳಿತುಬಿಟ್ಟ. ಅತ್ತೆ ಫೋನಿನಲ್ಲಿ ಹೇಳಿದ್ದು ಅಕ್ಷರಶಃ ಅದನ್ನೇ. ಕಾರಿನ ಬಾಗಿಲನ್ನೂ ಸರಿಯಾಗಿ ಹಾಕಲು ಬಾರದಿದ್ದ ಮುದುಕಿ, ನೂರು ಕಿಲೋಮೀಟರ್ ದೂರದಲ್ಲಿ ಕೂತು, ಅವನ ಸ್ಪ್ರಿಂಗನ್ನು ಬಿಚ್ಚಿಕೊಟ್ಟಿದ್ದರು. ಅವನು "ನಿಮಗೆ ತಿಳಿಯಾಕಿಲ್ಲ" ಎಂದಿದ್ದ. ಗಂಗಾಧರನ ಮುಂದೆಯೇ ಅತ್ತುಬಿಟ್ಟ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಗಂಡ ಹೆಂಡತಿ ಹೊಸ ಸ್ಪ್ರಿಂಗಿನ ಕಾರಿನಲ್ಲೇ ಹೋದರು. ಊಟ ಮುಗಿಸಿ ಹೊರಡುವಾಗ ಕಲ್ಯಾಣಿ, ಚಿನ್ನಕ್ಕ ಪಯಣಕ್ಕೆಂದು ಕಟ್ಟಿಟ್ಟಿದ್ದ ಬಟ್ಟೆಯ ಚೀಲ ತಂದು ಧನಲಕ್ಷ್ಮಿಯ ಕೈಗಿಟ್ಟಳು. ಒಳಗೆ ಎರಡು ಸೀರೆ, ಬೂದಿಯ ಡಬ್ಬಿ, ಮತ್ತು ಒಂದು ದಪ್ಪನೆಯ ದಿಂಬು. ಹಳೆಯ ಹಾಸಿಗೆಯ ಹತ್ತಿ ತುಂಬಿ, ನಾಲ್ಕು ಕಡೆಯೂ ಒತ್ತಾಗಿ ಹೊಲಿದದ್ದು.

"ನೀವು ಸ್ಪ್ರಿಂಗ್ ಕಟ್ಟಾಕ್ಬುಟ್ಟಿದೀರ ಅಂದ್ರಲ್ಲಣ್ಣ, ಅವತ್ತು ಫೋನ್ ಮಡಗಿದ ಮ್ಯಾಲೆ ಅತ್ತೆ ಕುಂತು ಈ ದಿಂಬು ಹೊಲಿದ್ರು," ಎಂದಳು ಕಲ್ಯಾಣಿ. "'ಅಳಿಯಂದು ಯಾವಾಗ ಮುಗೀತದೋ. ನಾನಾಡಿದ ತಮಾಷಿ ಮಾತಿಗೆ ಪಾಪ ಒದ್ದಾಡ್ತಾ ಅವ್ನೆ. ಹಳೇ ಸ್ಪ್ರಿಂಗೇ ಇರ್ಲಿ, ಇದರ ಮ್ಯಾಲೆ ಕುಂತ್ಕೊಂಡು ಬತ್ತೀನಿ ಅಂತ ನಾಳಿದ್ದು ಹೇಳಾನ' ಅಂದಿದ್ರು. ನಾಳಿದ್ದಿಗೆ ಇರ್ಲಿಲ್ಲ."

ತಿರುಮಲೇಶ್ ದಿಂಬನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ, ಅತ್ತೆ ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ ಇಟ್ಟ. ಧನಲಕ್ಷ್ಮಿ ಅದರ ಪಕ್ಕದಲ್ಲಿ ಕೂತಳು.

ಕಂಬದೂರಿನ ಗುಂಡಿಗಳು ಬಂದವು. ಹದಿನೇಳೂ ಇದ್ದವು. ಕಾರು ತೊಟ್ಟಿಲಿನ ಹಾಗೆ ಮೆಲ್ಲಗೆ ತೂಗಿ ಒಂದೊಂದನ್ನೇ ದಾಟಿತು. ಚೊಂಬು ಇಟ್ಟಿದ್ದರೆ ನಿಜಕ್ಕೂ ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲ. ಹಿಂದಿನಿಂದ ಯಾರೂ ಅಯ್ಯೋ ಎನ್ನಲಿಲ್ಲ. ಅತ್ತೆಯನ್ನು ಕೇಳಬೇಕೆಂದು ಅಷ್ಟು ದಿನ ಮನಸ್ಸಿನಲ್ಲೇ ಆಡಿಕೊಂಡಿದ್ದ ಮಾತು ಅವನ ಬಾಯಿಂದ ತಾನಾಗಿ ಬಂದುಬಿಟ್ಟಿತು.

"ಹೆಂಗೆ? ಎಲ್ಲಾದ್ರೂ ಕುಲುಕ್ತಾ?"

"ಇಲ್ಲ," ಎಂದಳು ಧನಲಕ್ಷ್ಮಿ. ಅವಳ ಕೈ ದಿಂಬಿನ ಮೇಲಿತ್ತು. ಸ್ವಲ್ಪ ದೂರ ಹೋದ ಮೇಲೆ ಹೇಳಿದಳು:

"ಕುಲುಕಿದ್ರೂ ಬತ್ತಿದ್ಲು ಕಣ್ರೀ ನಮ್ಮವ್ವ."