ಅವ್ವನಿಗೆ ಹೈದರಾಬಾದು ತೋರಿಸಿದ್ದು

ನಮ್ಮವ್ವ ಜೊತೆಗಿದ್ದರೆ ಸುಮ್ಮನೆ ಹೋಗಿ ಸುಮ್ಮನೆ ಬಂದೆವು ಅನ್ನುವ ಹಾಗೇ ಇರಲಿಲ್ಲ. ಊರ ಬಾವಿಗೆ ಹೋಗಿ ಬಂದರೂ ಒಂದು ಕಥೆ ಹುಟ್ಟುತ್ತಿತ್ತು. ಇನ್ನು ಹೈದರಾಬಾದಿಗೆ ಹೋದರೆ ಕೇಳಬೇಕೆ? ಆಗ ನಿಜಾಮರ ಆಳ್ವಿಕೆ. ನಾನು ಚಿತ್ತಾಪುರದಲ್ಲಿ ಶಾಲಾ ಮಾಸ್ತರ. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ಯಾವುದು ಕತ್ತಲೆ ಯಾವುದು ಅಷ್ಟೇ ತಿಳಿಯುತ್ತಿತ್ತು. ಹೈದರಾಬಾದಿನ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಪೊರೆ ತೆಗೆಯುತ್ತಾರೆಂದು ಕೇಳಿ ಅವ್ವ, ಹೆಂಡತಿ, ನಾನು ಮೂವರೂ ಹೊರಟೆವು. ದವಾಖಾನೆಯೊಂದೇ ಪುಕ್ಕಟೆ, ಉಳಿದದ್ದು ಯಾವುದೂ ಅಲ್ಲ ಅನ್ನುವುದೇ ನನ್ನ ಚಿಂತೆ.

ರೊಟ್ಟಿ ಗಂಟು

ಖಾನಾವಳಿಗೆ ದುಡ್ಡು ಸುರಿಯಬಾರದೆಂದು ಅವ್ವ ಹದಿನೈದು ದಿನಕ್ಕಾಗುವಷ್ಟು ಖಡಕ್ ರೊಟ್ಟಿ ಮಾಡಿಸಿ ಹಳೇ ಸೀರೆಯಲ್ಲಿ ಕಟ್ಟಿಸಿದ್ದಳು. ರೈಲಿನ ಮೂರನೇ ಕ್ಲಾಸಿನ ಡಬ್ಬಿಯಲ್ಲಿ ಆ ಗಂಟಿಗೇ ಒಬ್ಬರ ಜಾಗ ಬೇಕಾಯಿತು. ಸೇಡಂ ದಾಟುತ್ತಲೇ ಟಿಕೆಟ್ ನೋಡುವವನು ಬಂದ. ಗಂಟನ್ನು ಒತ್ತಿದ, ಪಟಪಟ ಸದ್ದಾಯಿತು.

"ಒಳಗ ಗಾಜಿನ ಸಾಮಾನ ಅದ ಏನು? ಲಗೇಜಿನ ರೊಕ್ಕ ಕಟ್ಟಬೇಕಾಗ್ತದ ನೋಡ್ರಿ," ಎಂದು ಗದರಿದ.

ನಾನು ಜೇಬು ಮುಟ್ಟಿಕೊಂಡೆ. ಅವ್ವ ಮಾತ್ರ ಶಾಂತವಾಗಿ, "ಒತ್ತಬ್ಯಾಡಪಾ. ನೀ ಮುರದದ್ದು ನೀನೇ ತಿನ್ನಬೇಕಾಗ್ತದ," ಎಂದು ಗಂಟು ಬಿಚ್ಚಿ, ಮುರಿದ ರೊಟ್ಟಿ ಆರಿಸಿ, ಮೇಲೆ ಖಾರದ ಶೇಂಗಾ ಹಿಂಡಿ ಉದುರಿಸಿ ಅವನ ಕೈಗಿಟ್ಟಳು. ಅವನು ಅತ್ತ ಇತ್ತ ನೋಡಿ ತಿಂದ.

ತಾಂಡೂರು ಬರುವುದರೊಳಗೆ ಮತ್ತೆ ಮೂರು ಸಲ ಬಂದು ಗಂಟನ್ನು ಒತ್ತಿ ಹೋದ.

ಕಾಲಿಗೆ ಗುರುತು ಸಿಕ್ಕಿದ್ದು

ಸ್ಟೇಷನ್ನಿಂದ ಧರ್ಮಶಾಲೆಗೆ ನಡೆದೇ ಹೋದೆವು. ಟಾಂಗಾದವರು ಕರೆಯುತ್ತಲೇ ಇದ್ದರು, ನಾನು ಕಿವುಡನಾಗಿಬಿಟ್ಟೆ. ಧರ್ಮಶಾಲೆಯೊಳಗೆ ಕಾಲಿಟ್ಟ ಅವ್ವ ಅಲ್ಲೇ ನಿಂತಳು. ಅಂಗಾಲಿನಿಂದ ನೆಲ ಸವರಿದಳು, ಬಗ್ಗಿ ಕೈಯಿಂದಲೂ ಮುಟ್ಟಿದಳು. ತೀರಿಹೋದ ನಮ್ಮಪ್ಪ ಶಾಹಾಬಾದಿನ ಕಲ್ಲಿನ ಗಣಿಯಲ್ಲಿ ದುಡಿದವನು.

"ತಮ್ಮಾ, ಖರೇ ಹೇಳು. ರೊಕ್ಕ ಸಾಲಲಿಲ್ಲಂತ ನನ್ನ ಶಾಹಾಬಾದಿಗೇ ಕರ್ಕೊಂಡ್ ಬಂದೀ ಏನು?"

"ಹೈದ್ರಾಬಾದೇ ಯವ್ವಾ ಇದು!"

"ಮತ್ತ ಇದು ನಿಮ್ಮಪ್ಪನ ಫರಸಿ ಅಲ್ಲೇನು?"

ನಮ್ಮ ಕಡೆಯ ಫರಸಿ ಕಲ್ಲು ಇಲ್ಲಿ ಎಷ್ಟೋ ಕಟ್ಟಡಗಳಿಗೆ ಬಂದಿದೆ ಎಂದು ಹೇಳಿದೆ. ಅವ್ವ ಅಲ್ಲೇ ಕುಳಿತು ಬಹಳ ಹೊತ್ತು ನೆಲ ಸವರುತ್ತಿದ್ದಳು. ಕೊನೆಗೆ ಅಂದಳು:

"ಹಂಗಾದ್ರ ನಿಮ್ಮಪ್ಪ ನನಗಿಂತ ಮೊದ್ಲೇ ಹೈದ್ರಾಬಾದ್ ಮುಟ್ಯಾನ. ಒಂದ್ ಮಾತರ ಹೇಳಬಾರದಿತ್ತಾ!"

ಹಸಿರು ಬಳೆ

ದವಾಖಾನೆಯವರು ಎರಡು ದಿನ ಬಿಟ್ಟು ಬರಲು ಹೇಳಿದರು. ಮರುದಿನ ಚಾರಮಿನಾರಿಗೆ ನಡೆದೆವು. ಪಕ್ಕದ ಬಳೆ ಬಜಾರಿನಲ್ಲಿ ಒಬ್ಬ ನನ್ನ ಹೆಂಡತಿಯ ಕೈಗೆ ಡಜನ್ ಹಸಿರು ಬಳೆ ಏರಿಸಿಯೇಬಿಟ್ಟ. ಅವನು ಹೇಳಿದ ಬೆಲೆ ಕೇಳಿ ಜೇಬಿಗೆ ಹೋದ ನನ್ನ ಕೈ ಅಲ್ಲೇ ಉಳಿಯಿತು. ನನಗೆ ಬಂದಷ್ಟು ಉರ್ದುವಿನಲ್ಲಿ ಚೌಕಾಶಿ ಮಾಡಿದೆ, ಅವನು ಜಗ್ಗಲಿಲ್ಲ. "ತೆಗೀರಿ ಹಂಗಾದ್ರ," ಎಂದೆ. ಹೆಂಡತಿ ಕೈ ಚಾಚಿದಳು.

ಆಗ ಅವ್ವ ದೊಡ್ಡ ದನಿಯಲ್ಲಿ ಸೊಸೆಗೆ ಹೇಳಿದಳು: "ಮನಸ್ಸಿಗೆ ಹಚ್ಕೋಬ್ಯಾಡವ್ವಾ. ನಮ್ ಶಾಹಾಬಾದ್ ಕಡಿ ಮಂದಿ ಆಗಿದ್ರ, ಮುತ್ತೈದಿ ಕೈಗೆ ಏರಿಸಿದ್ದು ಇಳಿಸ್ತಿದ್ದಿಲ್ಲ."

ಅಂಗಡಿಯವನ ಮುಖ ಕೆಂಪಗಾಯಿತು. "ಯವ್ವಾ, ನಾನೂ ಶಾಹಾಬಾದ್ ಬಾಜೂಕಿನ ಭಂಕೂರದವನೇ ರೀ. ಹಾಕ್ಕೊಂಡ್ ಹೋಗ್ರಿ, ನೀವು ಕೊಟ್ಟಷ್ಟು ಕೊಡ್ರಿ."

ಹೊರಗೆ ಬಂದ ಮೇಲೆ ಕೇಳಿದೆ: "ಅಂವ ನಮ್ ಕಡ್ಯಾವ ಅಂತ ನಿನಗ ಹೆಂಗ ಗೊತ್ತಾತು?"

"ಬಳಿ ಏರಿಸೂಮುಂದ ಬಾಯಾಗೇ ಒಂದು, ಎರಡು, ಮೂರು ಅಂತ ಎಣಿಸ್ಲಿಕತ್ತಿದ್ದ. ನಾ ಬರೇ ಕಣ್ಣು ಕಳ್ಕೊಂಡೀನಿ. ನಿನ್ನ ಕಿವಿಗೇನು ಧಾಡಿ?"

ಪಟ್ಟಿ ಬಿಚ್ಚಿದ ದಿನ

ಒಂದು ಕಣ್ಣಿನ ಪೊರೆ ತೆಗೆದು ಪಟ್ಟಿ ಕಟ್ಟಿದರು. ತಲೆ ಅಲ್ಲಾಡಿಸಬಾರದು, ಕೆಮ್ಮಬಾರದು, ನಗಬಾರದು. ನನ್ನ ಹೆಂಡತಿ ಗುಟುಕು ಗುಟುಕಾಗಿ ಗಂಜಿ ಕುಡಿಸಿದಳು. ಕಣ್ಣು ಬರುತ್ತದೋ ಇಲ್ಲವೋ, ಡಾಕ್ಟರೂ ಮಾತು ಕೊಟ್ಟಿರಲಿಲ್ಲ.

ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಚಾಳೀಸು ಮೂಗಿಗೆ ಏರಿಸಿದರು. ಅವ್ವ ಮೊದಲು ಡಾಕ್ಟರ ಬಿಳಿ ಗಡ್ಡಕ್ಕೆ ಕೈ ಮುಗಿದಳು. ಆಮೇಲೆ ನನ್ನತ್ತ ತಿರುಗಿದಳು.

"ಇಂವ ಯಾರು?"

"ನಾನೇ ಯವ್ವಾ."

"ಅಯ್ಯ ಶಿವನ! ತಲಿ ಮ್ಯಾಲಿನ ಕೂದಲಾ ಎಲ್ಲಿ ಹೋದ್ವೋ?"

ನಾನು ನಕ್ಕೆ, ಕಣ್ಣಲ್ಲಿ ನೀರೂ ಬಂತು. ಆಮೇಲೆ ನನ್ನ ಹೆಂಡತಿ ಮುಂದೆ ಬಂದು ಬಗ್ಗಿದಳು. ಅವಳು ನಮ್ಮ ಮನೆಗೆ ಬಂದು ಎರಡು ವರ್ಷವಾಗಿತ್ತು. ಅಷ್ಟೂ ದಿನ ಅವ್ವ ಅವಳನ್ನು ಬರೀ ದನಿಯಿಂದ, ಕೈ ಮುಟ್ಟಿ ತಿಳಿದವಳು. ಈಗ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು, ನೋಡಿದಳು. ಒಮ್ಮೆ ನನ್ನನ್ನು ನೋಡಿದಳು. ಮತ್ತೆ ಅವಳನ್ನು. ಮತ್ತೆ ನನ್ನನ್ನು.

"ಯವ್ವಾ, ನಾನರ ಕುರುಡಿ ಇದ್ದೆ," ಎಂದಳು ಮೆಲ್ಲಗೆ. "ಇವನ್ನ ಒಪ್ಪೂಮುಂದ ನಿನ್ನ ಕಣ್ಣಿಗೇನಾಗಿತ್ತು?"

ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಡಾಕ್ಟರು ಉರ್ದುವಿನಲ್ಲಿ ನನ್ನನ್ನು ಕೇಳಿದರು, "ಅಮ್ಮ ಏನಂದರು?"

ಅವ್ವನ ಒಂದೊಂದು ಮಾತನ್ನೂ ಅವರಿಗೆ ತಪ್ಪದೆ ತಿಳಿಸುತ್ತಿದ್ದವನು ನಾನೇ. ಅಂದು ಮಾತ್ರ ಹೇಳಿದೆ: "ನಿಮಗೆ ನೂರು ವರ್ಷ ಆಯುಷ್ಯ ಬರಲಿ ಅಂತಾಳೆ, ಸಾಹೇಬ್."